ಫಸ್ಟ್ ಪಿಯು ಬೀಜಗಣಿತಕ್ಕೆ ನಾನು ತಯಾರಿದ್ದೇನಾ? ಮೇಷ್ಟ್ರುಗಳ ಅನುಭವ

ಕೇಳಿದವರು: ಮಂಡ್ಯ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿ

ಎಂಟರಿಂದ ಹತ್ತರವರೆಗೆ ಗಣಿತ ಹೇಳಿಕೊಡುತ್ತಿದ್ದೇನೆ. ಎಂ.ಎಸ್ಸಿ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮಾಡಿದ್ದು. ಜೂನ್‌ನಿಂದ ಫಸ್ಟ್ ಪಿಯು ಕ್ಲಾಸ್ ಕೊಡುತ್ತಾರಂತೆ. ಲೆಕ್ಕ ಬಿಡಿಸಲು ಬರುತ್ತೆ. ಆದರೆ ಪಾಠ ಮಾಡುವಷ್ಟು ತಯಾರಿದ್ದೇನಾ ಅಂತ ನೋಡಿಕೊಳ್ಳುವುದು ಹೇಗೆ? ಅನುಭವ ಇದ್ದವರು ಹೇಳಿ.

ಮೈಸೂರಿನ ಪಿಯು ಉಪನ್ಯಾಸಕರು

ಮೇಡಂ, ನಾನೂ ಹೈಸ್ಕೂಲಿನಿಂದಲೇ ಬಂದವನು. ಒಟ್ಟಾರೆ ತಯಾರಿದ್ದೇನಾ ಅಂತ ಕೇಳಿಕೊಂಡರೆ ಉತ್ತರ ಸಿಗಲ್ಲ. ಸುಮ್ನೆ ಭಯ ಜಾಸ್ತಿ ಆಗುತ್ತೆ, ಅಷ್ಟೇ. ಒಂದೊಂದು ಅಧ್ಯಾಯಕ್ಕೂ ಬೇರೆ ಬೇರೆ ಕೇಳಿಕೊಳ್ಳಿ.

ನಾನು ಮಾಡುವುದು ಹೀಗೆ. ಪಾಠ ಶುರು ಮಾಡುವ ಮುಂಚೆ ಪುಸ್ತಕ ಮುಚ್ಚಿಡುತ್ತೇನೆ. ಈ ಅಧ್ಯಾಯದಲ್ಲಿ ಮಕ್ಕಳು ಏನೇನು ತಪ್ಪು ಬರೆಯಬಹುದು ಅಂತ ಒಂದು ಹಾಳೆಯಲ್ಲಿ ಬರೆಯುತ್ತೇನೆ. ಪ್ರತಿ ತಪ್ಪಿನ ಪಕ್ಕ, ಆ ಮಗುವಿಗೆ ಹಾಗೆ ಯಾಕೆ ಅನ್ನಿಸಿತು ಅಂತ ಒಂದು ಸಾಲು. ಆಮೇಲೆ ಕ್ಲಾಸಲ್ಲಿ ಸಣ್ಣ ಟೆಸ್ಟ್ ಕೊಟ್ಟು ತಾಳೆ ನೋಡುತ್ತೇನೆ. ಹಾಳೆ ತುಂಬಿದರೆ ಆ ಅಧ್ಯಾಯ ಕೈಯಲ್ಲಿದೆ ಅಂತ. ಖಾಲಿ ಉಳಿದರೆ, ಲೆಕ್ಕ ಎಷ್ಟೇ ಚೆನ್ನಾಗಿ ಬರಲಿ, ಇನ್ನೂ ಓದಬೇಕು.

ಅಸಮತೆಗಳನ್ನೇ ತಗೊಳ್ಳಿ. 1/ಎಕ್ಸ್ < 2 ಅಂತ ಬೋರ್ಡ್ ಮೇಲೆ ಬರೆಯಿರಿ. ಹತ್ತನೇ ಕ್ಲಾಸಿನ ಅಭ್ಯಾಸದ ಮೇಲೆ ಮಗು ಎರಡೂ ಕಡೆ ಎಕ್ಸ್‌ನಿಂದ ಗುಣಿಸುತ್ತೆ. ಎಕ್ಸ್ > 1/2 ಅಂತ ಬರೆದು ಪೆನ್ ಕೆಳಗಿಡುತ್ತೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ "ಸರ್, -1 ಹಾಕಿದ್ರೂ ಸರಿ ಬರುತ್ತಲ್ಲ" ಅಂತ ದನಿ ಬರುತ್ತೆ. ನಿಜ, -1 ಎರಡಕ್ಕಿಂತ ಕಡಿಮೆಯೇ. ಎಕ್ಸ್ ಋಣವಾದಾಗ ಚಿಹ್ನೆ ತಿರುಗುತ್ತೆ, ಹಾಗಾಗಿ ಎರಡು ಸಂದರ್ಭ ಬೇರೆ ಮಾಡಬೇಕು. ಉತ್ತರ: ಎಕ್ಸ್ < 0 ಅಥವಾ ಎಕ್ಸ್ > 1/2. ಇಷ್ಟು ನಿಮಗೂ ಗೊತ್ತು. ಆದರೆ ಚಿಹ್ನೆ ಯಾಕೆ ತಿರುಗುತ್ತೆ? 2 ಮತ್ತು 3ನ್ನು -1ರಿಂದ ಗುಣಿಸಿ ಸಂಖ್ಯಾರೇಖೆಯ ಮೇಲೆ ಗುರುತಿಸಿ. ಎರಡೂ ಸೊನ್ನೆಯ ಆಚೆ ಬದಿಗೆ ಹೋಗಿ, ಬಲಕ್ಕಿದ್ದದ್ದು ಎಡಕ್ಕೆ ಬಂದಿರುತ್ತೆ. ಮಗು ಕೇಳಿದ ತಕ್ಷಣ ಈ ಚಿತ್ರ ಕೈಗೆ ಬರಬೇಕು.

ಕಾಂಪ್ಲೆಕ್ಸ್ ನಂಬರ್ ಇನ್ನೂ ಮಜಾ. ಹತ್ತರಲ್ಲಿ ವರ್ಗ ಸಮೀಕರಣದ ಶೋಧಕ (ಬಿ ವರ್ಗ - 4ಎಸಿ) ಸೊನ್ನೆಗಿಂತ ಕಡಿಮೆ ಬಂದರೆ "ವಾಸ್ತವ ಮೂಲಗಳಿಲ್ಲ" ಅಂತ ಬರೆಸಿ ಮುಂದಿನ ಲೆಕ್ಕಕ್ಕೆ ಹೋಗುತ್ತೀವಿ. ಪಿಯುನಲ್ಲಿ ಪಾಠ ಶುರುವಾಗುವುದೇ ಅಲ್ಲಿಂದ. √-4 × √-9 ಎಷ್ಟು ಅಂತ ಕೇಳಿ ನೋಡಿ. √36, ಅಂದರೆ 6 ಅಂತ ಒಂದೇ ಉಸಿರಿಗೆ ಬರುತ್ತೆ. √-1ನ್ನು ಐ ಅಂತ ಬರೆದರೆ, ಸರಿಯಾದದ್ದು 2ಐ × 3ಐ, ಅಂದರೆ -6. ಎರಡೂ ಋಣವಾದಾಗ √ಎ × √ಬಿ = √(ಎ × ಬಿ) ಅನ್ನುವ ನಿಯಮ ನಡೆಯಲ್ಲ ಅಂದುಬಿಡುವುದು ಸುಲಭ. ಕಷ್ಟದ ಪ್ರಶ್ನೆ ಬೇರೆ ಇದೆ: "ಇಲ್ಲದ ಸಂಖ್ಯೆ ನಮಗ್ಯಾಕೆ ಸರ್?"

ಇದಕ್ಕೆ ಉತ್ತರ ವರ್ಗ ಸಮೀಕರಣದಲ್ಲಿ ಸಿಗಲ್ಲ, ಘನ ಸಮೀಕರಣಕ್ಕೆ ಹೋಗಬೇಕು. ಎಕ್ಸ್ ಘನ = 15ಎಕ್ಸ್ + 4 ತಗೊಳ್ಳಿ. 4 ಹಾಕಿದರೆ 64 = 60 + 4, ಸರಿ ಹೋಯಿತು. ಆದರೆ ಘನ ಸಮೀಕರಣ ಬಿಡಿಸುವ ಕಾರ್ಡಾನೊ ಸೂತ್ರ ಹಾಕಿದರೆ ನಡುವೆ √-121 ಬಂದು ಕೂರುತ್ತೆ. ಇಟಲಿಯ ಬೊಂಬೆಲ್ಲಿ 1572ರಲ್ಲಿ ಅದನ್ನು ಹಾಗೇ ಇಟ್ಟುಕೊಂಡು ಲೆಕ್ಕ ಮುಂದುವರಿಸಿದ. 2 + √-121ರ ಘನಮೂಲ 2 + √-1. ಅದರ ಜೋಡಿ 2 - √-1. ಎರಡನ್ನೂ ಕೂಡಿಸಿ, ನಾಲ್ಕೇ ಬರುತ್ತೆ. ಇದ್ದ ಉತ್ತರಕ್ಕೆ ಹೋಗಲು ಇಲ್ಲದ ಸಂಖ್ಯೆಯ ಮೇಲೆ ಹಾದು ಹೋಗಬೇಕಾಯಿತು, ಅಲ್ವಾ? ಸಿಲಬಸ್‌ನಲ್ಲಿ ಇದಿಲ್ಲ, ಪರೀಕ್ಷೆಗೂ ಬರಲ್ಲ. ಆದರೂ ನೀವೇ ಒಮ್ಮೆ ಪೂರ್ತಿ ಬಿಡಿಸಿಟ್ಟುಕೊಳ್ಳಿ.

ಮದ್ದೂರಿನ ಉಪನ್ಯಾಸಕಿ

ಸರ್ ಹೇಳಿದ್ದು ಚೆನ್ನಾಗಿದೆ. ಆದರೆ ಮೊದಲು ಲೆಕ್ಕ ಮಾಡಿ ಮೇಡಂ. ಎನ್‌ಸಿಇಆರ್‌ಟಿ ಪುಸ್ತಕದ ಮಾಮೂಲಿ ಅಭ್ಯಾಸಗಳಲ್ಲಿ ನಮ್ಮ ಮಟ್ಟ ಗೊತ್ತಾಗಲ್ಲ. ಅಧ್ಯಾಯದ ಕೊನೆಯ ಮಿಸಲೇನಿಯಸ್ ಎಕ್ಸರ್‌ಸೈಸ್ ಗೈಡ್ ಮುಟ್ಟದೆ ಮಾಡಿ. ಎಲ್ಲಿ ಪೆನ್ ನಿಂತಿತು ಅಂತ ಗುರುತು ಹಾಕಿಕೊಳ್ಳಿ. ಸಿಇಟಿಗೆ ಓದುವ ಮಕ್ಕಳು ಕೋಚಿಂಗ್ ಶೀಟ್ ಹಿಡಿದುಕೊಂಡು ಬಂದು ಮುಂದೆ ನಿಲ್ಲುತ್ತಾರೆ. "ನಾಳೆ ಹೇಳ್ತೀನಿ" ಅನ್ನಬಹುದು, ಅದರಲ್ಲಿ ಅವಮಾನ ಏನಿಲ್ಲ. ನಾಳೆ ಹೇಳಬೇಕು ಅಷ್ಟೇ.

ಮೈಸೂರಿನ ನಿವೃತ್ತ ಮೇಷ್ಟ್ರು

ನೋಡಮ್ಮ, ಮೊದಲು ಹತ್ತನೇ ಪುಸ್ತಕದಲ್ಲೇ ಕ್ರಮಯೋಜನೆ (ಎಷ್ಟು ಥರ ಜೋಡಿಸಬಹುದು), ವಿಕಲ್ಪ (ಎಷ್ಟು ಥರ ಆರಿಸಬಹುದು) ಇತ್ತು. ಎನ್‌ಸಿಇಆರ್‌ಟಿ ಪುಸ್ತಕ ಬಂದ ಮೇಲೆ ಹೋಯಿತು. ಈಗಿನ ಮಕ್ಕಳಿಗೆ ಪಿಯುನಲ್ಲೇ ಮೊದಲ ಪರಿಚಯ. ಅದಕ್ಕೆ ಇಲ್ಲಿ ನಿಧಾನ ಮಾಡು.

ನಾನು ಮಾಡುತ್ತಿದ್ದ ಲೆಕ್ಕ ಒಂದು ಹೇಳುತ್ತೇನೆ. ನಮ್ಮ ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್ 1ರಿಂದ ಬದಲಾಯಿತಲ್ಲ, ಹಳೆಯದರಲ್ಲಿ ಆರು ಅಕ್ಷರ, ಎಲ್ಲವೂ ಬೇರೆ ಬೇರೆ. ಜೋಡಿಸುವ ವಿಧಾನ ಆರು ಫ್ಯಾಕ್ಟೋರಿಯಲ್, ಅಂದರೆ 6 × 5 × 4 × 3 × 2 × 1 = 720. ಹೊಸದರಲ್ಲೂ ಆರೇ ಅಕ್ಷರ, ಆದರೆ ಯು ಎರಡು ಸಲ. ವಿಧಾನ 360. ಮಂಡ್ಯದ ಸ್ಪೆಲ್ಲಿಂಗ್‌ನಲ್ಲಿ ಎ ಎರಡು ಸಲ, ಅಲ್ಲೂ 360. ಅರ್ಧ ಯಾಕಾಯಿತು ಅಂದರೆ "ಎರಡು ಫ್ಯಾಕ್ಟೋರಿಯಲ್‌ನಿಂದ ಭಾಗಿಸಬೇಕು ಸರ್" ಅಂತ ಸೂತ್ರ ಒಪ್ಪಿಸುತ್ತಾರೆ. ಆಗ ಒಂದು ಯು ಕೆಂಪು ಚಾಕ್‌ನಲ್ಲಿ, ಇನ್ನೊಂದು ನೀಲಿಯಲ್ಲಿ ಬರೆಯುತ್ತಿದ್ದೆ. ಬಣ್ಣ ಇದ್ದಾಗ 720. ಬಣ್ಣ ಅಳಿಸಿದರೆ ಎರಡೆರಡು ಜೋಡಣೆ ಒಂದೇ ಥರ ಕಾಣುತ್ತವೆ. ಮೂರು ಸಲ ಬಂದರೆ ಏನಾಗುತ್ತೆ ಅಂತ ಅವರೇ ಹೇಳಿಬಿಡುತ್ತಾರೆ.

ಇನ್ನೊಂದು. √-4 ಅಂದರೆ ಮುಖ ಸಿಂಡರಿಸುವ ಮಗುವನ್ನು ಬೈಯಬೇಡ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತಲೇ ಹೇಳಿದ್ದರು. ಮಗು ದೊಡ್ಡವರ ಜೊತೆಗೇ ಇದೆ.

ಮೈಸೂರಿಂದ ಮಂಡ್ಯಕ್ಕೆ ದಿನಾ ಓಡಾಡುವವರು

ನಾವು ಗಣಿತದವರು ರೈಲಲ್ಲಿ ಒಟ್ಟಿಗೆ ಕೂರುತ್ತೇವೆ. ಒಬ್ಬರು ವಿದ್ಯಾರ್ಥಿ, ಒಬ್ಬರು ಮೇಷ್ಟ್ರು. ದ್ವಿಪದ ಪ್ರಮೇಯದಲ್ಲಿ, ಅಂದರೆ (ಎ + ಬಿ)ಯ ಎನ್ ಘಾತ ಬಿಡಿಸಿ ಬರೆಯುವಾಗ, ಎನ್‌ಸಿಆರ್ (ಎನ್ ವಸ್ತುಗಳಿಂದ ಆರ್ ವಸ್ತು ಆರಿಸುವ ವಿಧಾನಗಳ ಎಣಿಕೆ) ಎಲ್ಲಿಂದ ಬಂತು ಅಂತ ಪಾಂಡವಪುರ ಬರುವಷ್ಟರಲ್ಲಿ ಬಾಯಲ್ಲೇ ವಿವರಿಸಬೇಕು, ಕಾಗದ ಪೆನ್ ಇಲ್ಲ. ಪ್ರತಿ ಬ್ರಾಕೆಟ್‌ನಿಂದ ಎ ಅಥವಾ ಬಿ ಒಂದನ್ನು ಆರಿಸುತ್ತೀವಿ, ಬಿ ಎಷ್ಟು ಬ್ರಾಕೆಟ್‌ನಿಂದ ತಗೊಂಡೆವು ಅನ್ನುವುದೇ ಆರ್, ಅಂತ ಹೇಳಿಬಿಟ್ಟರೆ ಪಾಸ್. ಸೂತ್ರ ಒಪ್ಪಿಸಿದರೆ ಅವತ್ತಿನ ಕಾಫಿ ಅವರದು! ಗೊತ್ತಿದೆ ಅಂದುಕೊಂಡಿದ್ದು ಬಾಯಿ ಬಿಟ್ಟಾಗಲೇ ಸಿಕ್ಕಿಬೀಳುವುದು ಮೇಡಂ. ರೈಲು ಇಲ್ಲದಿದ್ದರೆ ಮನೆಯವರನ್ನು ಕೂರಿಸಿಕೊಳ್ಳಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ತಪ್ಪಿನ ಹಾಳೆ ಇವತ್ತೇ ಶುರು ಮಾಡುತ್ತೇನೆ. ರಜೆಯಲ್ಲಿ ಯಾವ ಅಧ್ಯಾಯ ಮೊದಲು ಹಿಡಿಯಲಿ ಸರ್?

ಮೈಸೂರಿನ ಪಿಯು ಉಪನ್ಯಾಸಕರು

ಫಂಕ್ಷನ್ ಮೊದಲು. ಎಲ್ಲರೂ ಬೇಗ ಮುಗಿಸುವ ಅಧ್ಯಾಯ, ಆಮೇಲೆ ಪರದಾಡುವುದೂ ಅಲ್ಲೇ. (ಎಕ್ಸ್ ವರ್ಗ - 1)/(ಎಕ್ಸ್ - 1) ಮತ್ತು ಎಕ್ಸ್ + 1, ಇವೆರಡೂ ಒಂದೇನಾ? ಎಕ್ಸ್ = 1 ಹಾಕಿದರೆ ಮೊದಲನೆಯದಕ್ಕೆ ಬೆಲೆಯೇ ಇಲ್ಲ, ಎರಡನೆಯದು 2. ಡೊಮೈನ್ (ಎಕ್ಸ್ ಜಾಗದಲ್ಲಿ ಯಾವ ಯಾವ ಬೆಲೆ ಹಾಕಬಹುದು ಅನ್ನುವುದು) ಬಗ್ಗೆ ಇಲ್ಲಿ ಗಟ್ಟಿ ಮಾಡದಿದ್ದರೆ ಲಿಮಿಟ್ಸ್‌ನಲ್ಲಿ ಮತ್ತೆ ಇಲ್ಲಿಗೇ ಬರಬೇಕಾಗುತ್ತೆ. ಆಮೇಲೆ ಅಸಮತೆ, ಕಾಂಪ್ಲೆಕ್ಸ್ ನಂಬರ್, ಕ್ರಮಯೋಜನೆ. ದ್ವಿಪದ ಪ್ರಮೇಯ ಕೊನೆಗೆ ಇಟ್ಟುಕೊಳ್ಳಿ, ವಿಕಲ್ಪ ಗಟ್ಟಿಯಾಗಿದ್ದರೆ ಅದಕ್ಕೆ ಜಾಸ್ತಿ ಹೊತ್ತು ಬೇಡ. ಶ್ರೇಢಿಗಳು ಹೇಗೂ ಹತ್ತರಲ್ಲಿ ಮಾಡಿಸಿದ್ದೀರಿ, ಗುಣೋತ್ತರ ಶ್ರೇಢಿ ಒಂದು ನೋಡಿಕೊಂಡರೆ ಸಾಕು.