ಎದುರುಬದುರು ಪರೀಕ್ಷೆಯಾಗದ ಔಷಧಗಳಲ್ಲಿ ಯಾವುದು ಉತ್ತಮ?

ಪ್ರಶ್ನೆ: ಮೇಡಂ, ಒಂದೇ ಕಾಯಿಲೆಗೆ ಬಂದಿರುವ ಎರಡು ಹೊಸ ಔಷಧಗಳು ಬೇರೆಬೇರೆ ಪ್ರಯೋಗಗಳಲ್ಲಿ ಪ್ಲಸೀಬೊ (ಔಷಧಾಂಶವಿಲ್ಲದ ಹುಸಿ ಔಷಧ) ಜೊತೆ ಪರೀಕ್ಷೆಗೊಳಗಾಗಿವೆ, ಎರಡನ್ನೂ ಒಂದೇ ಪ್ರಯೋಗದಲ್ಲಿ ಹೋಲಿಸಿಲ್ಲ. ಆದರೂ ‘ಪರೋಕ್ಷ ಹೋಲಿಕೆಯ ಪ್ರಕಾರ ಮೊದಲನೆಯದೇ ಉತ್ತಮ’ ಎಂದು ಒಂದು ವರದಿಯಲ್ಲಿ ಓದಿದೆ. ಇದನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ (ಸಂಖ್ಯಾಶಾಸ್ತ್ರಜ್ಞೆ): ಪ್ಲಸೀಬೊ ಎರಡೂ ಪ್ರಯೋಗಗಳಲ್ಲಿ ಇರುವುದರಿಂದ, ಅದನ್ನೇ ಆಧಾರವಾಗಿಟ್ಟುಕೊಂಡು ಔಷಧಗಳ ನಡುವಿನ ವ್ಯತ್ಯಾಸವನ್ನು ಲೆಕ್ಕಹಾಕಬಹುದು, ಸಂಶೋಧಕ ಬೂಖರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ವಿಧಾನ ಇದೇ. ಆದರೆ ‘ಉತ್ತಮ’ ಎಂಬ ಮಾತನ್ನು ಒಪ್ಪುವ ಮೊದಲು ಅಂಕಿಗಳನ್ನು ನೋಡಬೇಕು. ಪ್ಲಸೀಬೊಗೆ ಹೋಲಿಸಿದಾಗ ಸಾವಿನ ಅಪಾಯದ ಅನುಪಾತ (1ಕ್ಕಿಂತ ಕಡಿಮೆಯಿದ್ದರೆ ಔಷಧದಿಂದ ಅಪಾಯ ತಗ್ಗಿದೆ ಎಂದರ್ಥ) ಮೊದಲ ಔಷಧಕ್ಕೆ 0.70 (95% ವಿಶ್ವಾಸಾಂತರ, ಅಂದರೆ ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ, 0.55ರಿಂದ 0.89), ಎರಡನೆಯದಕ್ಕೆ 0.80 (0.64ರಿಂದ 1.00) ಎಂದಿಟ್ಟುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.875 ಬರುತ್ತದೆ; ಮೇಲ್ನೋಟಕ್ಕೆ ಮೊದಲನೆಯದೇ ಮುಂದಿದೆ. ಆದರೆ ಎರಡೂ ಪ್ರಯೋಗಗಳ ಅನಿಶ್ಚಿತತೆ ಇಲ್ಲಿ ಕೂಡಿಕೊಳ್ಳುವುದರಿಂದ ವಿಶ್ವಾಸಾಂತರ ಸುಮಾರು 0.63ರಿಂದ 1.21ರವರೆಗೆ ಹಿಗ್ಗುತ್ತದೆ. ಈ ವ್ಯಾಪ್ತಿ 1ನ್ನು ದಾಟಿರುವುದರಿಂದ ಎರಡನೆಯದೇ ಮೇಲಾಗಿರುವ ಸಾಧ್ಯತೆಯೂ ಉಳಿದೇ ಇದೆ.

ನನಗೆ ಇದಕ್ಕಿಂತ ಹೆಚ್ಚು ಕಳವಳ ತರುವ ಸಂಗತಿ ಇನ್ನೊಂದಿದೆ. ರೋಗಿಗಳನ್ನು ಯಾದೃಚ್ಛಿಕವಾಗಿ (ಚೀಟಿ ಎತ್ತಿದಂತೆ) ಗುಂಪುಗಳಿಗೆ ಹಂಚಿರುವುದು ಆಯಾ ಪ್ರಯೋಗದೊಳಗೆ ಮಾತ್ರ. ಒಂದು ಪ್ರಯೋಗದಲ್ಲಿ ಕಾಯಿಲೆ ಉಲ್ಬಣಿಸಿದವರೇ ಹೆಚ್ಚಿದ್ದು, ಔಷಧದ ಪರಿಣಾಮ ಕಾಯಿಲೆಯ ತೀವ್ರತೆಗೆ ತಕ್ಕಂತೆ ಬದಲಾಗುವಂತಿದ್ದರೆ, ನಾವು ಔಷಧದ ಗುಣವೆಂದುಕೊಂಡದ್ದು ವಾಸ್ತವವಾಗಿ ರೋಗಿಗಳ ನಡುವಿನ ವ್ಯತ್ಯಾಸವಾಗಿರಬಹುದು.

ಮರುಪ್ರಶ್ನೆ: ಹೊಸ ಔಷಧದ ಪ್ರಯೋಗದಲ್ಲಿ ಹೋಲಿಕೆಯ ಗುಂಪೇ ಇಲ್ಲದಿದ್ದರೆ?

ಉತ್ತರ: ವಿರಳ ಕಾಯಿಲೆಗಳಲ್ಲಿ ಮತ್ತು ಕೆಲವು ಕ್ಯಾನ್ಸರ್‌ಗಳಲ್ಲಿ ಹೀಗಾಗುತ್ತದೆ. ಆಗ, ಒಬ್ಬೊಬ್ಬ ರೋಗಿಯ ದತ್ತಾಂಶ ಕೈಯಲ್ಲಿರುವ ಪ್ರಯೋಗದಲ್ಲಿ ಲೆಕ್ಕದ ಮಟ್ಟಿಗೆ ಕೆಲವು ರೋಗಿಗಳಿಗೆ ಹೆಚ್ಚು, ಕೆಲವರಿಗೆ ಕಡಿಮೆ ತೂಕ ಕೊಟ್ಟು, ವಯಸ್ಸು, ತೀವ್ರತೆ ಮುಂತಾದವುಗಳ ಸರಾಸರಿಯನ್ನು ಇನ್ನೊಂದು ಪ್ರಯೋಗಕ್ಕೆ ಸರಿಹೊಂದಿಸುತ್ತಾರೆ. ಪ್ಲಸೀಬೊದಂತೆ ಎರಡೂ ಪ್ರಯೋಗಗಳಲ್ಲಿರುವ ಆಧಾರವಿಲ್ಲದಿರುವಾಗ ಈ ಲೆಕ್ಕ ನಿಲ್ಲಬೇಕಾದರೆ, ಫಲಿತಾಂಶದ ಮೇಲೆ ಪ್ರಭಾವ ಬೀರುವ ಪ್ರತಿಯೊಂದು ಅಂಶವೂ ತಿಳಿದಿರಬೇಕು, ಅಳೆದಿರಲೂಬೇಕು. ಇದು ಪೂರೈಸುವುದು ತೀರಾ ಕಷ್ಟ. ಜೊತೆಗೆ, ತೂಕ ಕೊಟ್ಟ ಬಳಿಕ ಉಳಿಯುವ ಪರಿಣಾಮಕಾರಿ ಮಾದರಿ ಗಾತ್ರ (ಆ ಮಾಹಿತಿ ಎಷ್ಟು ರೋಗಿಗಳ ಮಾಹಿತಿಗೆ ಸಮ ಎಂಬ ಅಂದಾಜು) ಬಹಳ ಕುಗ್ಗಿದ್ದರೆ, ತೀರ್ಮಾನವೆಲ್ಲ ಕೆಲವೇ ರೋಗಿಗಳ ಮೇಲೆ ನಿಂತಿದೆ ಎಂದರ್ಥ.

ಹಾಗೆಂದು ಪರೋಕ್ಷ ಹೋಲಿಕೆಯನ್ನು ಬಿಡಲಾಗದು, ಏಕೆಂದರೆ ಇರುವ ಎಲ್ಲ ಚಿಕಿತ್ಸೆಗಳ ಜೊತೆಗೂ ನೇರ ಪ್ರಯೋಗ ನಡೆಯುವುದೇ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿ 12ರಿಂದ ಹೊಸ ಕ್ಯಾನ್ಸರ್ ಔಷಧಗಳಿಗೆ ಜಂಟಿ ವೈದ್ಯಕೀಯ ಮೌಲ್ಯಮಾಪನ (ಹೊಸ ಔಷಧವನ್ನು ಬಳಕೆಯಲ್ಲಿರುವ ಚಿಕಿತ್ಸೆಗಳೊಂದಿಗೆ ಸದಸ್ಯ ರಾಷ್ಟ್ರಗಳು ಒಟ್ಟಾಗಿ ಹೋಲಿಸುವ ಪರಿಶೀಲನೆ) ಆರಂಭವಾಗಿದೆ. ಸದಸ್ಯ ರಾಷ್ಟ್ರಗಳಲ್ಲಿ ಬಳಕೆಯಲ್ಲಿರುವ ಚಿಕಿತ್ಸೆಗಳು ಬೇರೆಬೇರೆಯಾಗಿರುವುದರಿಂದ ಅಲ್ಲಿ ಇಂಥ ಹೋಲಿಕೆಗಳ ಅಗತ್ಯ ಇನ್ನೂ ಹೆಚ್ಚು. ನೀವು ಓದಿದ ವರದಿಯಲ್ಲಿ ವಿಶ್ವಾಸಾಂತರವನ್ನೂ, ಎರಡು ಪ್ರಯೋಗಗಳ ರೋಗಿಗಳ ವಿವರಗಳನ್ನು ಅಕ್ಕಪಕ್ಕ ಇಟ್ಟ ಕೋಷ್ಟಕವನ್ನೂ ಮೊದಲು ಹುಡುಕಿ; ಅವೆರಡೂ ಇಲ್ಲದಿದ್ದರೆ ಆ ‘ಉತ್ತಮ’ವನ್ನು ನಾನಂತೂ ಒಪ್ಪುವುದಿಲ್ಲ.