ಸಹಾಯ ಬೇಕು: ನಮ್ಮೂರ ರೇಡಿಯೋ ಬಂದ್ ಆಗದಂತೆ ಏನು ಮಾಡಬಹುದು?

ಅಣ್ಣಾರೆ, ಅಕ್ಕಾರೆ, ನಾನು ಬಾಗಲಕೋಟೆ ಜಿಲ್ಲೆಯವ, ಮನೆಯಲ್ಲಿ ಇಳಕಲ್ ಸೀರೆಯ ಎರಡು ಮಗ್ಗಗಳಿವೆ. ನಮ್ಮೂರ ಸಮುದಾಯ ರೇಡಿಯೋ ಮುಂದಿನ ತಿಂಗಳು ನಿಲ್ಲುತ್ತದಂತೆ. ನಡೆಸುವ ಸಂಸ್ಥೆಯವರು ದುಡ್ಡಿಲ್ಲ ಅಂತ ಒಂದೇ ಮಾತು ಹೇಳಿ ಸುಮ್ನಾಗಿದ್ದಾರೆ.

ಇದು 100 ವ್ಯಾಟ್‌ನ ಸಣ್ಣ ಕೇಂದ್ರ, ಊರು ದಾಟಿ ಸ್ವಲ್ಪ ದೂರ ಹೋದರೆ ಬರೀ ಗುಂಯ್ ಅನ್ನುತ್ತದೆ. ಆದರೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವರಿಗೆ ಕೈಗೆ ಬಿಡುವಿಲ್ಲ, ಕಿವಿಗೆ ಮಾತ್ರ ಬಿಡುವು, ಅಲ್ವಾ? ಅವ್ವ ಮುಂಜಾನೆ ಲಾಳಿ ಹಿಡಿಯುವ ಮೊದಲೇ ರೇಡಿಯೋ ಹಚ್ಚುತ್ತಾಳೆ. ಪಕ್ಕದ ಮನೆಯ ಅಜ್ಜಿ ಹಾಡಿದ ಬೀಸುಕಲ್ಲಿನ ಪದ ಬಂದ ದಿನ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಧಾರವಾಡ ಆಕಾಶವಾಣಿ 1950ರಿಂದ ಇದೆ, ಅದರ ಮೇಲೂ ಪ್ರೀತಿಯೇ, ಆದರೆ ಅದು ನಮ್ಮ ಓಣಿಗೆ ಬಂದು ಅಜ್ಜಿಯ ಮುಂದೆ ಮೈಕ್ ಹಿಡಿಯುವುದಿಲ್ಲ.

ಸಹಿ ಸಂಗ್ರಹ ಶುರು ಮಾಡಿದ್ದೇವೆ, ಸಂತೆ ದಿನ ಎರಡು ನೋಟ್‌ಬುಕ್ ತುಂಬಿದವು. ಸಹಿಯಿಂದ ಕರೆಂಟ್ ಬಿಲ್ ಕಟ್ಟೋಕಾಗಲ್ಲ ಅನ್ನೋದು ಗೊತ್ತು. ಸಮುದಾಯ ರೇಡಿಯೋದಲ್ಲಿ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ನಮ್ಮಲ್ಲಿ ಎರಡು ನಿಮಿಷವೂ ತುಂಬುತ್ತಿಲ್ಲ. ಸೀರೆ ಅಂಗಡಿ, ಗೊಬ್ಬರದ ಅಂಗಡಿಯವರನ್ನು ಕೇಳಬೇಕು, ಅದಕ್ಕೆ ದರಪಟ್ಟಿ ಮಾಡುವುದು ಹೇಗೆ? ಲೈಸೆನ್ಸ್ ವ್ಯಕ್ತಿಗಳಿಗೆ ಕೊಡುವುದಿಲ್ಲ, ಸಂಸ್ಥೆಗೇ ಕೊಡುತ್ತಾರೆ. ಈ ಸಂಸ್ಥೆ ಕೈಬಿಟ್ಟರೆ ನೇಕಾರರ ಸಂಘವೋ ಕಾಲೇಜೋ ಮುಂದುವರಿಸಲು ದಾರಿ ಇದೆಯಾ? ದಿಲ್ಲಿಯ ಪ್ರಸಾರ ಸಚಿವಾಲಯದ ಜೊತೆ ಪತ್ರ ವ್ಯವಹಾರ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಇನ್ನೊಂದು, ಹಳೆಯ ರೆಕಾರ್ಡಿಂಗ್‌ಗಳೆಲ್ಲ ಒಂದೇ ಕಂಪ್ಯೂಟರ್‌ನಲ್ಲಿವೆ, ಅದೂ ಕೆಮ್ಮುತ್ತಿದೆ. ಬಳಸದ ಹಾರ್ಡ್ ಡಿಸ್ಕ್ ಯಾರ ಹತ್ತಿರವಾದರೂ ಇದ್ದರೆ ಮೆಸೇಜ್ ಮಾಡಿ, ನಾನೇ ಬಂದು ತಗೊಂಡು ಹೋಗುತ್ತೇನೆ.