ಚಾಲೆಂಜ್ ವೋಟು ಮತ್ತು ನಮ್ಮ ಮನೆ ಗ್ರೂಪು

ದೊಡ್ಡಪ್ಪ (ಫಾರ್ವರ್ಡ್): ಪಟ್ಟಿಯಲ್ಲಿ ಹೆಸರಿಲ್ಲವೇ? ಆಧಾರ್ ತೋರಿಸಿ 'ಚಾಲೆಂಜ್ ವೋಟ್' ಕೇಳಿ. ನಿಮ್ಮ ಓಟು ಬೇರೆಯವರು ಹಾಕಿದ್ದರೆ 'ಟೆಂಡರ್ ವೋಟ್' ಕೇಳಿ. ಅದು ಶೇ. 14 ದಾಟಿದರೆ ಮರುಮತದಾನ! ಎಲ್ಲರಿಗೂ ಕಳಿಸಿ.

ಚಿಕ್ಕತ್ತೆ: 🙏 ಹೋದ ಸಲ ನನ್ನ ಹೆಸರೇ ಸಿಗಲಿಲ್ಲ. ಈ ಸಲ ಬಿಡೋದಿಲ್ಲ.

ಭಾವ: ಯಾವ ನಿಯಮ ಇದು? ಎಲ್ಲಿದೆ, ತೋರಿಸಿ.

ದೊಡ್ಡಪ್ಪ: ಓಟು ಹಾಕೋಕೆ ಸೋಮಾರಿತನ, ಪ್ರಶ್ನೆಗೆ ಮಾತ್ರ ಮುಂದು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಓಟಿನಲ್ಲಿ ಸೋಲು-ಗೆಲುವು ಆಯಿತು, ಮರೆತಿರಾ?

ಭಾವ: ಅದು ನಿಜ. ಅದಕ್ಕೂ ಇದಕ್ಕೂ ಏನು ಸಂಬಂಧ? ಕೊರೋನಾಗೆ ಬೆಳ್ಳುಳ್ಳಿ ಕಷಾಯ ಕಳಿಸಿದವರೂ ನೀವೇ.

ದೊಡ್ಡಪ್ಪ: ಕುಡಿದು ಯಾರೂ ಸಾಯಲಿಲ್ಲ.

ನಾನು: ದೊಡ್ಡಪ್ಪ, ಮೂರು ಚುನಾವಣೆ ಬೂತಿನಲ್ಲಿ ಪ್ರಿಸೈಡಿಂಗ್ ಆಫೀಸರ್ ಆಗಿ ಕೂತಿದ್ದೇನೆ. ಚಾಲೆಂಜ್ ಮಾಡುವವರು ಮತದಾರರಲ್ಲ, ಅಭ್ಯರ್ಥಿಯ ಏಜೆಂಟು. 'ಇವರು ಆ ವ್ಯಕ್ತಿ ಅಲ್ಲ' ಅಂತ ಎರಡು ರೂಪಾಯಿ ಕಟ್ಟಿ ತಕರಾರು ಎತ್ತುವುದಕ್ಕೆ ಆ ಹೆಸರು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವ ಕಾರ್ಡು ತೋರಿಸಿದರೂ ಓಟಿಲ್ಲ. ಟೆಂಡರ್ ವೋಟು ಇದೆ, ಚುನಾವಣೆ ನಡೆಸುವ ನಿಯಮಾವಳಿಯ ನಿಯಮ 49ಪಿ. ಮಿಷನ್ ಒತ್ತಲು ಬಿಡುವುದಿಲ್ಲ, ಕಾಗದದ ಬ್ಯಾಲೆಟ್ ಕೊಡುತ್ತೇವೆ. ಅದು ಬೇರೆ ಕವರಿನಲ್ಲಿ ಉಳಿಯುತ್ತದೆ, ಎಣಿಕೆ ದಿನ ತೆರೆಯುವುದಿಲ್ಲ. ಶೇ. 14 ಅನ್ನೋದು ಯಾವ ನಿಯಮದಲ್ಲೂ ಇಲ್ಲ.

ಮಾವ: ಟೆಂಡರ್ ಅಂದ್ರೆ ರಸ್ತೆ ಕೆಲಸದ್ದು ಅಂದ್ಕೊಂಡೆ! ಅಜ್ಜಿ ಕೊನೇವರೆಗೂ 'ಓಟು ಒತ್ತಿ ಬಂದೆ' ಅಂತಾನೇ ಅನ್ನೋರು. ಕಾಂಗ್ರೆಸ್ಸಿನ ಹಳೇ ಜೋಡೆತ್ತಿನ ಗುರುತು ಹೋಗಿ ಎಷ್ಟೋ ವರ್ಷ ಆಗಿದ್ರೂ 'ಎತ್ತಿಗೆ ಒತ್ತಿದೆ' ಅನ್ನೋರು. ಗಾಡಿ ಕಟ್ಟಿ ಕರ್ಕೊಂಡು ಹೋಗ್ತಿದ್ದವನು ನಾನೇ.

ಚಿಕ್ಕತ್ತೆ: ನೀನಲ್ಲ, ನಮ್ಮಣ್ಣ. ನೀನು ಆಗ ಊರಲ್ಲೇ ಇರಲಿಲ್ಲ.

ಮಾವ: ಗೃಹಪ್ರವೇಶಕ್ಕೆ ಕರೆಯದೇ ಇದ್ದಿದ್ದೂ ಅದಕ್ಕೇನಾ?

ಅಲ್ಲಿಂದ ಮುಂದೆ ಮೂವತ್ತು ಮೆಸೇಜು ಗೃಹಪ್ರವೇಶದ್ದೇ. ನಡುವೆ ನಾನು ಇನ್ನೊಂದು ಬರೆದೆ.

ನಾನು: ಹೋದ ಸಲ ಒಬ್ಬ ಅಜ್ಜ ಇದೇ ಮೆಸೇಜನ್ನು ಮೊಬೈಲಿನಲ್ಲಿ ತೆರೆದು ನನ್ನ ಮೇಜಿನ ಮೇಲಿಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಆಧಾರ್. ಒಂದು ಗಂಟೆ ಬಿಸಿಲಲ್ಲಿ ನಿಂತಿದ್ದರು. 'ಚಾಲೆಂಜ್ ಮಾಡ್ತೀನಿ' ಅಂದರು. ಆಗೋದಿಲ್ಲ ಅಂದಾಗ, ನಾನೇ ಅವರ ಓಟು ಕದ್ದ ಹಾಗೆ ನೋಡಿದರು. ದಯವಿಟ್ಟು ಇದನ್ನು ಡಿಲೀಟ್ ಮಾಡಿ.

ಯಾರೂ ಉತ್ತರ ಕೊಡಲಿಲ್ಲ. ಫಾರ್ವರ್ಡ್ ಹಾಗೇ ಇದೆ. ರಾತ್ರಿ ಚಿಕ್ಕತ್ತೆ ಮಾತ್ರ ಗ್ರೂಪಿನಲ್ಲಿ ಹಾಕದೆ ನನಗೇ ವೋಟರ್ ಕಾರ್ಡಿನ ಫೋಟೋ ಕಳಿಸಿದರು. ಹುಡುಕಿದೆ. ಹೆಸರು ಹಳೇ ಬಾಡಿಗೆ ಮನೆಯ ಬೂತಿನಲ್ಲೇ ಇತ್ತು. ಫೋನಿನಲ್ಲೇ ಕೂತು ಇಬ್ಬರೂ ವಿಳಾಸ ಬದಲಿಸುವ ಫಾರಂ 8 ತುಂಬಿದೆವು.